ಎವಾರಿಸ್ತೊ ಸಿಗಬಾರದು

ತುಕುಮಾನ್ ಊರಿನಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಬೀದಿಗಿಳಿಯುವುದು ಎರಡೇ: ಬಿಸಿಲಿಗೆ ಬುದ್ಧಿಗೆಟ್ಟ ನಾಯಿಗಳು, ಮತ್ತು ದೊಡ್ಡ ಟೋಪಿಯ ಕುಳ್ಳ ಭೂತ. ಹೀಗೆ ಹೆದರಿಸಿಯೇ ಅಜ್ಜಿ ಸೊಯ್ಲಾ ಚಿಕ್ಕ ಯಾನಿನಾಳನ್ನು ಮಲಗಿಸುತ್ತಿದ್ದಳು. ಆದರೆ ಅದೇ ಅಜ್ಜಿ ಆ ಹೊತ್ತಿನಲ್ಲೂ ಬೀದಿಬಾಗಿಲಿನ ಅಗುಳಿ ಹಾಕುತ್ತಿರಲಿಲ್ಲ. ಭೂತ ಬಂದರೆ ಬರಲಿ, ಅದರ ಭಯಕ್ಕೆ ಹೆತ್ತ ಮಗನನ್ನು ಹೊರಗೆ ನಿಲ್ಲಿಸಲಾಗುತ್ತದೆಯೆ?

ಮಗ ಎವಾರಿಸ್ತೊ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಸೈನ್ಯದವರು ದೇಶ ಆಳುತ್ತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ, ಸೋಡಾ ತರುತ್ತೇನೆಂದು ಬಾಗಿಲು ಮುಂದೆ ಮಾಡಿಕೊಂಡು ಹೋದ. ಬೀದಿಯ ಮೂಲೆಯಲ್ಲಿ ನಂಬರಿಲ್ಲದ ಹಸಿರು ಕಾರೊಂದು ನಿಂತಿತ್ತಂತೆ. ಕಂಡವರೆಲ್ಲ ಮರುದಿನದಿಂದ ಏನೂ ಕಾಣದವರಾದರು. ಅಂದಿನಿಂದ ಆ ಬಾಗಿಲಿಗೆ ಅಗುಳಿ ಬಿದ್ದಿಲ್ಲ, ಹಾಗೇ ಇದೆ. ಗಾಳಿಗೆ ಅದು ಕಿರ್ರೆಂದಾಗಲೆಲ್ಲ ಅಜ್ಜಿ ಮಲಗಿದಲ್ಲಿಂದಲೇ “ಬಂದ್ಯೇನೋ?” ಎನ್ನುತ್ತಾಳೆ. ಯಾನಿನಾ ಆ ಮಾತು ಕೇಳಿಕೊಂಡೇ ಬೆಳೆದವಳು, ತನ್ನ ಸೋದರಮಾವನನ್ನು ಆ ಮಾತಿನಲ್ಲಲ್ಲದೆ ಬೇರೆಲ್ಲೂ ಕಂಡವಳಲ್ಲ.

ಅವನದೊಂದು ಗುರುತಿತ್ತು. ಹುಡುಗನಾಗಿದ್ದಾಗ ಕಬ್ಬಿನ ಗಾಡಿಗೆ ಹಿಂದಿನಿಂದ ಜೋತುಬಿದ್ದು ಕಬ್ಬು ಕದಿಯಲು ಹೋಗಿ, ಬಿದ್ದು, ಎಡಗೈ ಮಣಿಕಟ್ಟು ಮುರಿದುಕೊಂಡಿದ್ದ. ಎಲುಬು ಕೂರಿಸುವವನು ಕುಡಿದ ಅಮಲಿನಲ್ಲಿ ಸೊಟ್ಟಗೆ ಕೂರಿಸಿದ. ಅಜ್ಜಿ ಸಂತೆಯಲ್ಲಿ, ಬಸ್ಸಿನಲ್ಲಿ, ಚರ್ಚಿನಲ್ಲಿ ಕೂಡ ಗಂಡಸರ ಮುಖಕ್ಕಿಂತ ಮೊದಲು ಎಡಗೈ ನೋಡುತ್ತಿದ್ದಳು. ಆದರೆ ಈಚೆಗೆ ಅವಳಿಗೆ ಮರೆವು ಅಡರಿತ್ತು. ಒಲೆ ಹಚ್ಚಿದ್ದು ಮರೆಯುತ್ತಿದ್ದಳು, ಯಾನಿನಾಳನ್ನು ಅವಳ ತಾಯಿಯ ಹೆಸರಿನಿಂದ ಕರೆಯುತ್ತಿದ್ದಳು. ಇವಳಿಗೆ ಅವನ ಹೆಸರೂ ಮರೆತುಹೋಗುವ ಮೊದಲು ಅವನು ಸಿಗಬೇಕು ಎಂಬುದೊಂದೇ ಯಾನಿನಾಳ ಹಂಬಲ. ಮರೆತ ಮೇಲೆ ಸಿಕ್ಕರೆ ಯಾರಿಗೆ ಹೇಳುವುದು?

ಯಾನಿನಾ ಕೆಲಸ ಮಾಡುವ ಸಂಸ್ಥೆ ಮೂಳೆಗಳಿಗೆ ಹೆಸರು ಹುಡುಕುತ್ತದೆ. ಸೈನ್ಯದವರು ಕೊಂದು ಊರಾಚೆಯ ಪಾಳುಬಾವಿಗಳಿಗೆ ಎಸೆದವರ ಮೂಳೆಯ ಗುರುತನ್ನು ಮನೆಯವರ ರಕ್ತದ ಗುರುತಿನೊಡನೆ ತಾಳೆ ನೋಡುವ ಸಾಫ್ಟ್‌ವೇರ್ ಅವಳದು. ಒಂದೇ ಫೋಲ್ಡರಿನಲ್ಲಿ ಹಲವು ಭಾಗಗಳು: ಮೂಳೆಯನ್ನು ಓದುವುದು ಒಂದು, ರಕ್ತವನ್ನು ಓದುವುದು ಒಂದು, ಎರಡನ್ನೂ ಹೋಲಿಸುವುದು ಇನ್ನೊಂದು, ವರದಿ ಬರೆಯುವುದು ಮತ್ತೊಂದು. ಕೂಡುಕುಟುಂಬದ ಹಾಗೆ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಇವಕ್ಕೆ ಬೇಕಾದ ಹೊರಗಿನ ಸಾಮಾನನ್ನು, ಎಂದರೆ ಜಗತ್ತಿನ ಯಾರ್ಯಾರೋ ಬರೆದಿಟ್ಟ ಪ್ಯಾಕೇಜುಗಳನ್ನು, ತಂದು ಹಂಚುವ ಯಜಮಾನಿಕೆ ಪ್ಯಾಕೇಜ್ ಮ್ಯಾನೇಜರಿನದು. ಮೇಲಿನಿಂದ ಒಂದು ಆಜ್ಞೆ ಕೊಟ್ಟರೆ ಸಾಕು, ಅದು ಎಲ್ಲ ಭಾಗಗಳನ್ನೂ ಸರದಿಯಂತೆ ಕಟ್ಟಿ, ಒಂದೊಂದನ್ನೂ ಪರೀಕ್ಷಿಸಿ, ಸರಿಯಿದ್ದರೆ ಹಸಿರಕ್ಷರದಲ್ಲೂ ತಪ್ಪಿದ್ದರೆ ಕೆಂಪಕ್ಷರದಲ್ಲೂ ತೋರಿಸುತ್ತದೆ.

ಈ ಪರೀಕ್ಷೆಗಳಲ್ಲಿ ಒಂದನ್ನು ಯಾನಿನಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದಿದ್ದಳು. ಇಲ್ಲದ ನಂಟನ್ನು ಸಾಫ್ಟ್‌ವೇರ್ ಇದೆಯೆಂದು ಹೇಳಬಾರದಲ್ಲ, ಅದಕ್ಕೆ ಎಷ್ಟು ಹುಡುಕಿದರೂ ತಮ್ಮವರ ಮೂಳೆ ಸಿಗದ ಒಂದು ಮನೆ ಬೇಕಾಗಿತ್ತು. ಸಿಗದ ಮನೆ ಯಾವುದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಸ್ಥೆಯಲ್ಲಿದ್ದ ಎಲ್ಲ ಮೂಳೆಗಳೊಡನೆ ತಾಳೆ ನೋಡಲು ಅಜ್ಜಿಯ ರಕ್ತದ ಗುರುತನ್ನೇ ಕೊಟ್ಟಳು. ಪರೀಕ್ಷೆಗೆ ‘ಎವಾರಿಸ್ತೊ ಸಿಗಬಾರದು’ ಎಂದು ಹೆಸರಿಟ್ಟಳು. ಅಲ್ಲಿಂದ ಮುಂದೆ ಕಟ್ಟಿದಾಗಲೆಲ್ಲ ಆ ಸಾಲು ಹಸಿರಾಗಿ ಬಂದುಹೋಗುತ್ತಿತ್ತು: ಎವಾರಿಸ್ತೊ ಸಿಗಬಾರದು, ಸರಿ. ದಿನಕ್ಕೆ ಹತ್ತು ಸಲ ಅವಳ ಮಾವ ಅವಳ ಕಣ್ಣೆದುರೇ ಸಿಗದೆ ಹೋಗುತ್ತಿದ್ದ. ಜೊತೆಗಾರರು ಅದೊಂದು ಸುಮ್ಮನೆ ಇಟ್ಟ ಹೆಸರು ಎಂದುಕೊಂಡಿದ್ದರು, ಅವಳೂ ತಿದ್ದಿರಲಿಲ್ಲ.

ಆ ದಿನ ಗಲಾಟೆ ಶುರುವಾದದ್ದು ಊಟದ ಹೊತ್ತಿಗೆ. ಬೀದಿಯ ಕಿತ್ತಳೆ ಮರಗಳ ಹೂವಿನ ವಾಸನೆ ಕಿಟಕಿಯಿಂದ ತಲೆನೋವಿನಷ್ಟು ದಟ್ಟವಾಗಿ ಬರುತ್ತಿತ್ತು. ಯಾನಿನಾ ಹಲ್ಲುಗಳನ್ನು ಓದುವ ಹೊಸ ಭಾಗವೊಂದನ್ನು ಸೇರಿಸಲು ಹೊರಟಿದ್ದಳು. ಪ್ಯಾಕೇಜ್ ಮ್ಯಾನೇಜರ್ ಹಟ ಹಿಡಿಯಿತು. ಲೆಕ್ಕ ಹಾಕುವ ಪ್ಯಾಕೇಜಿನ ಹೊಸ ಆವೃತ್ತಿಯೇ ಬೇಕೆಂದು ಹೊಸ ಭಾಗ, ಹಳೆಯದೇ ಇರಲಿ ಎಂದು ಹೋಲಿಕೆಯ ಭಾಗ. ಇಬ್ಬರೂ ಒಂದು ಮಾತಿಗೆ ಬರುವ ತನಕ ನಾನು ಕಟ್ಟುವುದಿಲ್ಲ ಎಂದು ಅದು ಕೈಕಟ್ಟಿ ಕೂತಿತು.

“ಹೋಲಿಕೆ ಭಾಗದಲ್ಲಿ ಹಳೇ ಆವೃತ್ತೀನ ಗೂಟಕ್ಕೆ ಕಟ್ಟಿದಾರಲ್ಲೋ, ಯಾರದು ಈ ಕೆಲಸ?” ಎಂದಳು.

ಪಕ್ಕದ ಮೇಜಿನ ನಾಚೊ ಕೈತುಂಬ ಮಾಂಸದ ಸ್ಯಾಂಡ್‌ವಿಚ್ ಹಿಡಿದಿದ್ದ. ಅವಳಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. “ಯಾವನೋ ಸೋಮಾರಿ ಇರ್ಬೇಕು. ಕಿತ್ತು ಬಿಸಾಕು ಮಾರಾಯ್ತಿ, ಊಟದ ಹೊತ್ತಲ್ಲಿ ತಲೆ ತಿನ್ಬೇಡ.”

ಹಳೆಯ ಆವೃತ್ತಿಯನ್ನು ಕಟ್ಟಿಹಾಕಿದ್ದ ಸಾಲನ್ನು ಕಿತ್ತಳು. ಕಟ್ಟಲು ಹೇಳಿದಳು. ಮೂಳೆಯ ಭಾಗ ಹಸಿರು. ರಕ್ತದ ಭಾಗ ಹಸಿರು. ಹೋಲಿಕೆಯ ಭಾಗ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಆಮೇಲೆ ಒಂದು ಸಾಲು ಕೆಂಪಗೆ ನಿಂತಿತು.

ಎವಾರಿಸ್ತೊ ಸಿಗಬಾರದು: ತಪ್ಪಿದೆ. ಇರಬೇಕಾದದ್ದು: ಯಾರೂ ಇಲ್ಲ. ಸಿಕ್ಕಿದ್ದು: ಒಬ್ಬರು.

ಯಾನಿನಾ ಪರದೆಯ ಹತ್ತಿರಕ್ಕೆ ಬಾಗಿದಳು. ಇನ್ನೊಮ್ಮೆ ಕಟ್ಟಿದಳು. ಮತ್ತೆ ಒಬ್ಬರು. ಹಲ್ಲಿನ ಹೊಸ ಭಾಗವನ್ನು ಬದಿಗಿಟ್ಟು, ಕಿತ್ತ ಸಾಲನ್ನು ವಾಪಸು ಹಾಕಿದಳು, ಹಸಿರಾಯಿತು, ಯಾರೂ ಇಲ್ಲ. ತೆಗೆದಳು, ಒಬ್ಬರು. ಹಾಕಿದರೆ ಹೋಗುತ್ತಾನೆ, ತೆಗೆದರೆ ಬರುತ್ತಾನೆ. ಅಜ್ಜಿಯ ಮನೆಯ ಬಾಗಿಲು ಕಿರ್ರೆಂದ ಹಾಗೆ ಅವಳ ಕಿವಿಗೆ ಕೇಳಿಸಿತು. ಅವಳು ತಿರುಗಿ ನೋಡಿದಳು. ಅಲ್ಲಿದ್ದದ್ದು ಮೂಳೆಗಳ ಪೆಟ್ಟಿಗೆಗಳನ್ನಿಟ್ಟ ಕೋಣೆಯ ಬಾಗಿಲು, ಮುಚ್ಚಿಯೇ ಇತ್ತು.

ನಾಚೊ ಕುರ್ಚಿ ಎಳೆದುಕೊಂಡು ಬಂದು ಇಣುಕಿದ. “ಓ, ಇದಾ? ಇದು ಹಳೇ ಕಾಯಿಲೆ ಕಣೆ. ಆ ಪ್ಯಾಕೇಜೇ ಹಂಗೆ, ಹೊಸದು ಹಾಕಿದ್ರೆ ಇದೊಂದು ಪರೀಕ್ಷೆ ಕೆಂಪಾಗತ್ತೆ. ಅದಕ್ಕೇ ಅಲ್ವಾ ನಾನು ಆವಾಗ...” ಮಾತು ಅರ್ಧಕ್ಕೆ ನಿಂತಿತು. “ಅಯ್ಯೋ, ಆ ಸೋಮಾರಿ ನಾನೇ!” ಎಂದು ನಕ್ಕ.

ಯಾನಿನಾ ನಗಲಿಲ್ಲ. “ಯಾವಾಗ?”

“ಹೊಸದಾಗಿ ಬಂದಿದ್ದೆನಲ್ಲ, ಮೂರು ವರ್ಷ ಆಯ್ತೇನೋ. ಯಾಕೆ, ಏನಾಯ್ತು? ನಿನ್ ಮುಖ ಯಾಕೆ ಹಂಗಾಯ್ತು?”

ಹಳೆಯ ಬದಲಾವಣೆಗಳ ಪುಟ ತೆರೆದರೆ ಎಲ್ಲ ಅಲ್ಲೇ ಇತ್ತು. ‘ಹೊಸ ಆವೃತ್ತಿಗೆ ಪರೀಕ್ಷೆ ಕೆಡುತ್ತಿದೆ, ಹಳೆಯದನ್ನೇ ಉಳಿಸಿದ್ದೇನೆ.’ ಕೆಳಗೆ ನಾಚೊನ ಹೆಸರು. ಅದರ ಕೆಳಗೆ ಒಪ್ಪಿಗೆಗೆ ಎತ್ತಿದ ಹೆಬ್ಬೆರಳಿನ ಚಿಹ್ನೆ, ಅದು ಯಾನಿನಾಳದು. ಓದದೆ ಒತ್ತಿದ್ದಳೋ, ಅಂದು ಮನೆಗೆ ಹೋಗುವ ಅವಸರವಿತ್ತೋ, ನೆನಪಿಲ್ಲ. ಮೂರು ವರ್ಷದ ಹಿಂದೆ ಎವಾರಿಸ್ತೊ ಬಂದು ನಿಂತಿದ್ದ. ಇವರಿಬ್ಬರೂ ಸೇರಿ ಅವನನ್ನು ಹೊರಗೆ ನೂಕಿ ಅಗುಳಿ ಹಾಕಿದ್ದರು. ನಿಜವಾದ ಹುಡುಕಾಟ ನಡೆಯುತ್ತಿದ್ದುದೂ ಅದೇ ಹೋಲಿಕೆಯ ಭಾಗದಿಂದ, ಹಾಗಾಗಿ ಅಲ್ಲಿಯೂ ಅವನಿಗೆ ಬಾಗಿಲು ತೆರೆದಿರಲಿಲ್ಲ. ಆಗ ಅಜ್ಜಿಗೆ ಎಲ್ಲರ ಹೆಸರೂ ನೆನಪಿತ್ತು.

“ನಾಚೊ,” ಎಂದಳು ಯಾನಿನಾ, “ಎವಾರಿಸ್ತೊ ಅಂದ್ರೆ ಸುಮ್ನೆ ಇಟ್ಟ ಹೆಸರಲ್ಲ. ನಮ್ಮಮ್ಮನ ಅಣ್ಣ.”

ನಾಚೊ ಸ್ಯಾಂಡ್‌ವಿಚ್ಚನ್ನು ಮೇಜಿನ ಮೇಲಿಟ್ಟ. “ನಂಗೆ ಗೊತ್ತಿರ್ಲಿಲ್ಲ,” ಎಂದ. “ದೇವರಾಣೆ ಗೊತ್ತಿರ್ಲಿಲ್ಲ ಕಣೆ.”

“ನಾನು ಹೇಳಿದ್ರೆ ತಾನೆ ಗೊತ್ತಾಗೋದು.”

ಇಬ್ಬರೂ ಸಂಸ್ಥೆಯಲ್ಲಿ ಮೂಳೆಗಳನ್ನು ಪರೀಕ್ಷಿಸುವ ವೈದ್ಯೆ ದಲ್ಮೀರಾ ಅವರ ಬಳಿ ಹೋದರು. ಅವರು ಮಾಟೆ ಎಲೆಯ ಕಹಿ ಕಷಾಯವನ್ನು ಹೀರುತ್ತಾ ಎಲ್ಲವನ್ನೂ ಕೇಳಿದರು. ಸಂಸ್ಥೆಯಲ್ಲಿ ಯಾನಿನಾಳ ನಂಟು ಗೊತ್ತಿದ್ದದ್ದು ಅವರೊಬ್ಬರಿಗೇ.

“ಹಳೇ ಲೆಕ್ಕ ತೀರಾ ಕೆಟ್ಟುಹೋದ ಮೂಳೆಗಳನ್ನ ಬದಿಗಿಡ್ತಿತ್ತು, ಹೊಸದು ಅವನ್ನೂ ಓದತ್ತೆ, ನಿಜ,” ಎಂದರು. “ಆದ್ರೆ ಹೊಸ ಲೆಕ್ಕ ಇಲ್ಲದ್ದನ್ನೂ ಕಾಣ್ಬಹುದು. ಈಗ್ಲೇ ಆಸೆ ಇಟ್ಕೋಬೇಡ ಮಗಳೇ. ಪೆಟ್ಟಿಗೆ ಯಾವುದು?”

ನಾಚೊ ಪರದೆಯಲ್ಲಿ ಕಂಡಿದ್ದ ಪೆಟ್ಟಿಗೆಯ ಸಂಖ್ಯೆ ಹೇಳಿದ. ದಲ್ಮೀರಾ ಪಕ್ಕದ ಕೋಣೆಗೆ ಹೋದರು. ಅಲ್ಲಿ ಸೂರಿನ ತನಕ ರಟ್ಟಿನ ಪೆಟ್ಟಿಗೆಗಳು. ಯಾನಿನಾ ಆ ಕೋಣೆಯ ಗೋಡೆಯ ಈಚೆ ಬದಿಗೆ ಬೆನ್ನು ಕೊಟ್ಟು ಇಷ್ಟು ವರ್ಷ ಕೆಲಸ ಮಾಡಿದ್ದಳು. ಮಾವ ಆಚೆ ಬದಿಯಲ್ಲಿ ಕೂತು ಅವಳು ಕೀಲಿ ಒತ್ತುವ ಸದ್ದನ್ನು ಕೇಳುತ್ತಿದ್ದನೇನೋ ಎಂದು ಅವಳಿಗೆ ಅನಿಸಿತು.

“ಗಂಡಸು. ಇಪ್ಪತ್ತರ ಆಸುಪಾಸು,” ಪೆಟ್ಟಿಗೆಯೊಡನೆ ಮರಳಿದ ದಲ್ಮೀರಾ ಅದರ ಮೇಲಿನ ಚೀಟಿ ಓದಿದರು. “ಎಡ ಮಣಿಕಟ್ಟು ಚಿಕ್ಕಂದಲ್ಲಿ ಮುರಿದು ಸೊಟ್ಟಗೆ ಕೂಡ್ಕೊಂಡಿದೆ.” ತಲೆಯೆತ್ತಿ ನೋಡಿದರೆ ಯಾನಿನಾ ಹೌದೆಂದು ತಲೆಯಾಡಿಸುತ್ತಿದ್ದಳು. “ಇದ್ಯಾಕೆ ನಿಮ್ಮನೆಯವ್ರು ಬರೆಸಿದ ಹೇಳಿಕೇಲಿಲ್ಲ?”

“ಅಜ್ಜಿ ಏನೂ ಹೇಳ್ಲಿಲ್ಲ ಡಾಕ್ಟ್ರಮ್ಮ. ಬದುಕಿರೋನ ಮೂಳೆ ವಿಚಾರ ನಿಮಗ್ಯಾಕೆ ಅಂತ ಜಗಳಕ್ಕೇ ಬಂದ್ರು. ರಕ್ತ ಕೊಟ್ಟಿದ್ದೂ ನನ್ನ ಕಾಟಕ್ಕೆ. ನಾನೂ ರಕ್ತ ಒಂದಿದ್ರೆ ಸಾಕು ಅಂದ್ಕೊಂಡೆ. ಈ ಕಬ್ಬಿನ ಸೀಮೇಲಿ ಕೈ ಮುರ್ಕೊಳ್ದೇ ಇರೋ ಹುಡುಗ್ರು ಯಾರಿದಾರೆ?”

ದಲ್ಮೀರಾ ಚೀಟಿಯನ್ನು ಇದ್ದಲ್ಲೇ ಇಟ್ಟರು. “ಪ್ರಯೋಗಾಲಯ ಇನ್ನೊಂದ್ಸಲ ನೋಡ್ಬೇಕು, ನ್ಯಾಯಾಧೀಶರ ಸಹಿ ಆಗ್ಬೇಕು. ಅಲ್ಲೀತನಕ ಮನೆಯವರಿಗೆ ಹೇಳೋ ಹಾಗಿಲ್ಲ, ಅದು ನಿಯಮ.” ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಳ್ಳುತ್ತ, “ಆದ್ರೆ ಮನೆಯವಳು ಇಲ್ಲೇ ನಿಂತು ಕೇಳಿಸ್ಕೊಂಡ್ಬಿಟ್ಳಲ್ಲ, ನಾನೇನ್ ಮಾಡ್ಲಿ,” ಎಂದರು.

ಮನೆಗೆ ಹೊರಟ ಯಾನಿನಾಳ ಹಿಂದೆಯೇ ನಾಚೊ ಬಾಗಿಲ ತನಕ ಬಂದ. “ಆ ಪರೀಕ್ಷೆನ ಏನ್ ಮಾಡ್ಲಿ?”

“ಕೆಂಪಗೇ ಇರ್ಲಿ. ಮುಟ್ಬೇಡ.”

ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಂಗಡಿಗಳೆಲ್ಲ ಬಾಗಿಲೆಳೆದು ಮಲಗಿದ್ದವು. ಯಾನಿನಾ ನಡೆದೇ ಹೋದಳು. ಹಿಂದೆ ಯಾರೋ ಬರುತ್ತಿರುವ ಹಾಗೆ ದಾರಿಯುದ್ದಕ್ಕೂ ಅನಿಸಿತು, ಅವಳು ನಿಂತರೆ ನಿಲ್ಲುವ, ನಡೆದರೆ ನಡೆಯುವ ಹೆಜ್ಜೆ. ಚಿಕ್ಕಂದಿನಲ್ಲಾಗಿದ್ದರೆ ಟೋಪಿಯ ಭೂತವೆಂದು ಓಡುತ್ತಿದ್ದಳು. ಈಗ ಓಡಲಿಲ್ಲ. ಮನೆಯ ಮೂಲೆಯಲ್ಲಿ, ಆ ಕಾರು ನಿಂತಿತ್ತು ಎನ್ನುವ ಜಾಗದಲ್ಲಿ, ಒಂದು ಗಳಿಗೆ ನಿಂತು, “ಬಾ ಮಾವ,” ಎಂದಳು. ಹೇಳಿದ ಮೇಲೆ ಅವಳಿಗೇ ಭಯವಾಯಿತು.

ಬಾಗಿಲು ದೂಡಿದಾಗ ಅದು ಕಿರ್ರೆಂದಿತು.

“ಬಂದ್ಯೇನೋ?” ಕತ್ತಲು ಕೋಣೆಯಿಂದ ಅಜ್ಜಿಯ ದನಿ.

ಪ್ರತಿ ಸಲ “ಇಲ್ಲ ಅಜ್ಜಿ, ನಾನು,” ಎನ್ನುತ್ತಿದ್ದ ಯಾನಿನಾ ಇಂದು ಹಾಗೆನ್ನದೆ ಒಳಗೆ ನಡೆದಳು. ಹೋಗಿ ಮಂಚದ ಅಂಚಿಗೆ ಕೂತಳು. ಅಜ್ಜಿ ಅವಳನ್ನು ದಿಟ್ಟಿಸಿದಳು. ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ.

“ಅಜ್ಜಿ, ಎವಾರಿಸ್ತೊ ಮಾವ ಸಿಕ್ಕಿದಾನೆ.”

ಅಜ್ಜಿ ಕೇಳಿಸದವಳಂತೆ ಹೊದಿಕೆಯ ಅಂಚನ್ನು ಮಡಿಸತೊಡಗಿದಳು. ಯಾನಿನಾ ತಡವಾಯಿತು ಎಂದುಕೊಂಡಳು, ಮೂರು ವರ್ಷ ತಡವಾಯಿತು. ಅಷ್ಟರಲ್ಲಿ ಮುದುಕಿ ಅವಳ ಎಡಗೈ ಹಿಡಿದು, ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರಿದಳು.

“ಇಲ್ಲಿ ಸೊಟ್ಟಗಿದ್ಯಾ?”

“ಇದೆ ಅಜ್ಜಿ.”

“ಆ ಕುಡುಕನಿಗೆ ಅವತ್ತೇ ಹೇಳಿದ್ದೆ, ನೆಟ್ಟಗೆ ಕೂರಿಸೋ ಅಂತ,” ಎಂದಳು ಅಜ್ಜಿ. ಕಣ್ಣೀರಿಲ್ಲ. ಎದ್ದು ಚಪ್ಪಲಿ ಹುಡುಕಿಕೊಂಡಳು. “ಯಾನಿನಾ, ಅಡುಗೆಮನೆಯಿಂದ ಎಣ್ಣೆ ತಗೊಂಬಾ.”

ಎಷ್ಟೋ ತಿಂಗಳ ಮೇಲೆ ಅಜ್ಜಿ ಅವಳನ್ನು ಅವಳದೇ ಹೆಸರಿನಿಂದ ಕರೆದಿದ್ದಳು. ಯಾನಿನಾ ಎಣ್ಣೆ ತಂದಳು. ಅಜ್ಜಿ ಬೀದಿಬಾಗಿಲನ್ನು ಮುಚ್ಚಿ, ಬೆರಳಿನಿಂದ ಅಗುಳಿಗೆ ಎಣ್ಣೆ ಬಿಟ್ಟಳು. ತುಕ್ಕು ಹಿಡಿದ ಕಬ್ಬಿಣ ಜಗ್ಗಲಿಲ್ಲ. ಇಬ್ಬರೂ ಕೈಹಾಕಿ ಅಲುಗಿಸಿ ಅಲುಗಿಸಿದ ಮೇಲೆ ಕೊನೆಗೆ ಅದು ಗೋಡೆಯ ತೂತಿನೊಳಗೆ ಜಾರಿತು. ಅಜ್ಜಿ ಬಾಗಿಲನ್ನು ಒಮ್ಮೆ ಎಳೆದು ಭದ್ರವಾಗಿದೆಯೆಂದು ನೋಡಿದಳು. ಆಮೇಲೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಹೊರಗೆ ಗಾಳಿ ಎದ್ದಿತು. ಬಾಗಿಲು ಸದ್ದು ಮಾಡಲಿಲ್ಲ. ಯಾನಿನಾ ಕತ್ತಲಲ್ಲಿ ಕೂತು, ಅಜ್ಜಿ “ಬಂದ್ಯೇನೋ?” ಎನ್ನುವುದನ್ನು ಕಾದಳು.