ಎಡಗೈಯ ಬ್ರೇಕು

ನಾನು ಒಂದು ಸೈಕಲ್. ಫ್ರಾನ್ಸ್ ದೇಶದ ಬೆಟ್ಟಗಳ ಬುಡದ ಒಂದು ಪಟ್ಟಣದಲ್ಲಿ ಆನ್ಸೆಲ್ಮ್ ಎಂಬ ಮುಂಗೋಪಿ ನನ್ನನ್ನು ಮಾಡಿದ. ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆಯುವಾಗ ಯಾರಾದರೂ ಮಾತನಾಡಿಸಿದರೆ ಬೈಯುತ್ತಿದ್ದ. ಆ ಸಿಟ್ಟಿನ ಫಲವೋ ಏನೋ, ನನ್ನ ಬೆಸುಗೆ ಇವತ್ತಿಗೂ ಬಿಟ್ಟಿಲ್ಲ. ನೀಲಿ ಬಣ್ಣ, ಸಣ್ಣ ಟೈರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಎಲ್ಲ ಮುಗಿದ ಮೇಲೆ ಬ್ರೇಕಿನ ತಂತಿಗಳನ್ನು ಎಳೆದು ಕಟ್ಟಿದ. ಎಡಗೈ ಹಿಡಿ ಮುಂದಿನ ಚಕ್ರಕ್ಕೆ, ಬಲಗೈ ಹಿಡಿ ಹಿಂದಿನ ಚಕ್ರಕ್ಕೆ. ಆ ದೇಶದ ರೂಢಿ ಅದು. ಬೇರೆ ದೇಶಗಳಲ್ಲಿ ಇದು ತಿರುವುಮುರುವು ಎಂದು ನನಗೆ ಆಗ ಗೊತ್ತಿರಲಿಲ್ಲ.

ನನ್ನನ್ನು ಕೊಂಡವನು ಗಾಸ್ಪಾರ್. ಬೆಟ್ಟದ ಮೇಲಿನ ವಾಲ್‌ಬ್ರೂನ್ ಹಳ್ಳಿಯಲ್ಲಿ ಚೀಸ್ ಮಾಡುತ್ತಿದ್ದ. ಅವನು ಸೀಟಿನ ಮೇಲೆ ಕೂತರೆ ಹುಳಿ ಹಾಲಿನ ವಾಸನೆ. ಬೆಳಗಿನ ಕೆಲಸ ಮುಗಿಸಿ ನನ್ನನ್ನು ಹೊರಗೆ ತೆಗೆಯುತ್ತಿದ್ದ. ಆ ಹಳ್ಳಿಯಿಂದ ಹೊರಡುವ ದಾರಿಗಳು ಮೂರು. ಒಂದು ಹೊಳೆಯ ಪಕ್ಕ ಅಕ್ರೋಟು ಮರಗಳ ಕೆಳಗೆ ಹಳೆಯ ಗಿರಣಿಯವರೆಗೆ ಹೋಗುತ್ತದೆ. ಅದರಲ್ಲಿ ಮಕ್ಕಳೂ ಹೋಗಬಹುದು. ಇನ್ನೊಂದು ಹುಲ್ಲುಗಾವಲುಗಳನ್ನು ಸುತ್ತಿ ಬರುತ್ತದೆ. ಏರುತ್ತದೆ, ಇಳಿಯುತ್ತದೆ, ಯಾವುದರಲ್ಲೂ ಅತಿ ಮಾಡುವುದಿಲ್ಲ. ಮೂರನೆಯದು ಬೆಟ್ಟದ ಬೆನ್ನನ್ನೇ ದಾಟುವ ದಾರಿ. ಅಂಥ ದಾರಿಯ ತುದಿಯನ್ನು ಅಲ್ಲಿ ಕೋಲ್ ಎನ್ನುತ್ತಾರೆ. ಪ್ರತಿ ಕಿಲೋಮೀಟರಿಗೂ ಒಂದು ಕಲ್ಲು ನಿಂತಿದೆ. ಮೇಲೆ ಇನ್ನೆಷ್ಟು ದೂರ, ಮುಂದಿನ ಏರು ಎಷ್ಟು ಕಡಿದು ಎಂದು ಅದರಲ್ಲಿ ಬರೆದಿದೆ. ಏರುವವರಿಗೆ ಉಪಕಾರ ಮಾಡಲೆಂದು ನೆಟ್ಟದ್ದು. ಗಾಸ್ಪಾರ್ ಕಲ್ಲು ಬಂದಾಗೆಲ್ಲ ಮುಖ ತಿರುಗಿಸುತ್ತಿದ್ದ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಜನ ಮುಖ ತಿರುಗಿಸುವ ಹಾಗೆ.

ಅವನ ಹೃದಯ ಕೆಟ್ಟಿತು. ಏರು ಬೇಡ ಎಂದರು ವೈದ್ಯರು. ಬರೀ ಗಿರಣಿಯವರೆಗೆ ಹೋಗಲು ಅವನಿಗೆ ನಾಚಿಕೆಯಾಯಿತು. ನನ್ನನ್ನು ತಂಗಿಯ ಮಗಳು ಓಡೀಲ್‌ಳ ಅಂಗಡಿಯಲ್ಲಿ ಬಿಟ್ಟುಹೋದ.

ಓಡೀಲ್ ಸೈಕಲ್ ಬಾಡಿಗೆಗೆ ಕೊಡುತ್ತಿದ್ದಳು. ಬೇಸಿಗೆಯಲ್ಲಿ ದೇಶದೇಶದವರು ಬರುತ್ತಿದ್ದರು. ಅವರನ್ನೆಲ್ಲ ನಾನು ಕೆಳಗಿನಿಂದ ನೋಡಿದ್ದೇನೆ. ಸೈಕಲ್ಲಿಗೆ ಜನರ ಮುಖಕ್ಕಿಂತ ತೂಕ ಮೊದಲು ಪರಿಚಯವಾಗುತ್ತದೆ. ಏರಿನಲ್ಲಿ ಎಲ್ಲರೂ ಒಂದೇ ಥರ ಉಸಿರು ಬಿಡುತ್ತಾರೆ. ಇಳಿಜಾರಿನಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಸೈಕಲ್ ಕೊಡುವ ಮೊದಲು ಓಡೀಲ್ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಳು. "ನಿಮ್ಮೂರಲ್ಲಿ ಮುಂದಿನ ಬ್ರೇಕು ಯಾವ ಕೈಯಲ್ಲಿ?" ಬಲಗೈ ಎಂದವರಿಗೆ ತಂತಿ ಬದಲಿಸಿ ಕೊಡುತ್ತಿದ್ದಳು.

ಒಂದು ಜೂನ್ ತಿಂಗಳಲ್ಲಿ ಇಬ್ಬರು ಹೆಂಗಸರು ಬಂದರು. ವಿಜಯಪುರದ ಕಡೆಯವರು, ನಲವತ್ತು ದಾಟುತ್ತಿದ್ದವರು. ಅವರ ಭಾಷೆ ನನಗೆ ಹೇಗೆ ತಿಳಿಯಿತೆಂದು ಕೇಳಬೇಡಿ. ಮೇಲೆ ಕೂತವರ ಮಾತು ಕೆಳಗಿರುವವರಿಗೆ ಅರ್ಥವಾಗಲೇಬೇಕು, ಬೇರೆ ದಾರಿಯಿಲ್ಲ. ಒಬ್ಬಳು ಫಕೀರವ್ವ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಇನ್ನೊಬ್ಬಳು ದಾನಮ್ಮ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಕ್ರೀಡಾ ಹಾಸ್ಟೆಲಿನಲ್ಲಿದ್ದು ರೇಸ್ ಓಡಿಸಿದವರು. ಅವರ ಮಂಚದ ಮೇಲಿನ ಗೋಡೆಗೆ ಒಂದು ಹರಿದ ಕ್ಯಾಲೆಂಡರ್ ಇತ್ತಂತೆ, ಅದರಲ್ಲಿ ಇಂಥದೇ ಬೆಟ್ಟದ ರಸ್ತೆಯ ಚಿತ್ರ.

ಫಕೀರವ್ವ ಗೆಳತಿಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ಬ್ರೇಕ್ ದಾನಿ, ಹೆಲ್ಮೆಟ್ ಹಾಕ್ಕೋ. ಇಳಿಯೂಮುಂದ ಬಿದ್ದರ ಎತ್ತಿ ಒಯ್ಯಾಕ ಇಲ್ಲಿ ನಮ್ಮ ಹುಡುಗೂರಿಲ್ಲ."

"ಇವತ್ತ ಕಾಲು ನೆಲಕ್ಕ ಹಚ್ಚಂಗಿಲ್ಲ" ಅಂದಳು ದಾನಮ್ಮ. "ಮ್ಯಾಲಿಂದ ಕೆಳಗಿನ ತನಕ. ಒಂದ ಸಲ ಸಾಕು ನನಗ."

ಆ ಅಡ್ಡಹೆಸರಿನ ಕಥೆ ಅವರ ಮಾತಿನಲ್ಲೇ ನನಗೆ ತಿಳಿಯಿತು. ವಿಜಯಪುರದ ರಸ್ತೆಗಳು ಸಪಾಟು. ಅಲ್ಲಿ ಸೈಕಲ್ಲಿಗೆ ಎದುರಾಗುವುದು ಗಾಳಿ, ಬೆಟ್ಟವಲ್ಲ. ಘಾಟಿನಲ್ಲಿ ಇಳಿಯುವುದನ್ನು ಕೋಚ್ ಮಲಕಾರಿ ಸರ್ ಅವರಿಗೆ ಬಾಯಿಪಾಠ ಮಾಡಿಸಿದ್ದರು: ಎಡಗೈ ಹಿಂದಿನ ಬ್ರೇಕು, ಬಿಗಿಯಾಗಿ ಹಿಡಿ, ಬಲಗೈ ಮುಂದಿನದು, ಮೆಲ್ಲಗೆ ಮುಟ್ಟು, ಬಿಗಿ ಹಿಡಿದರೆ ಸೈಕಲ್ ಎತ್ತಿ ಎಸೆಯುತ್ತದೆ. ದೊಡ್ಡ ತಂಡಕ್ಕೆ ಆಯ್ಕೆ ಮಾಡುವ ರೇಸ್ ನಡೆದದ್ದು ಪಕ್ಕದ ರಾಜ್ಯದ ಒಂದು ಘಾಟಿನಲ್ಲಿ. ಏರಿನಲ್ಲಿ ದಾನಮ್ಮ ಎಲ್ಲರಿಗಿಂತ ಮುಂದಿದ್ದಳು. ಇಳಿಜಾರಿನ ಮೊದಲ ತಿರುವಿನಲ್ಲೇ ಬ್ರೇಕು ಹಿಡಿದು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದಳು. ಹೆಗಲ ಎಲುಬು ಮುರಿಯಿತು. "ಏರೂದು ಯಾರಿಗರೆ ಬರ್ತದ. ಇಳಿಯಾಕ ಗುಂಡಿಗಿ ಬೇಕು" ಎಂದು ಸರ್ ಎಲ್ಲರೆದುರೇ ಹೇಳಿದರು. ಫಕೀರವ್ವ ಆಯ್ಕೆಯಾದಳು. ಎಲುಬು ಕೂಡಿತು. ಆದರೆ ಬ್ರೇಕ್ ದಾನಿ ಎಂಬ ಹೆಸರು ಅಂಟಿಕೊಂಡಿತು. ದಾನಮ್ಮ ಅಂಜುಬುರುಕಿ ಎನ್ನುವುದು ಊರಿಗೆಲ್ಲ ಖಾತ್ರಿಯಾಯಿತು, ಅವಳಿಗೂ.

ಓಡೀಲ್ ಎಂದಿನಂತೆ ಕೇಳಿದಳು. ಫಕೀರವ್ವ ತನ್ನ ಶಾಲೆಯ ಇಂಗ್ಲಿಷಿನಲ್ಲಿ ಬಲಗೈ ಎಂದು ಹೇಳಿ, ಗೆಳತಿಗೆ ವಿವರಿಸಿದಳು. "ಇವರ ದೇಶದಾಗ ಎಡಗೈಯಾಗ ಮುಂದಿನ ಬ್ರೇಕ್ ಇರ್ತದಂತ. ಬದಲಿ ಮಾಡಿ ಕೊಡ್ತಾಳಂತ, ನಿಂದರು."

ದಾನಮ್ಮನ ಕೈ ನನ್ನ ಹ್ಯಾಂಡಲ್ ಮೇಲೆ ಇತ್ತು. ಬಿಗಿಯಾಯಿತು.

"ಫಕೀರೀ, ಅವತ್ತ ನನಗ ಕೊಟ್ಟಿದ್ದು ಫಾರಿನ್ ಸೈಕಲ್ಲು. ಹಿಂದಿನ ದಿನ ಸರ ಎಲ್ಲಿಂದಲೋ ಕಡ ತಂದಿದ್ರು."

"ಹೌದು, ಬಿಳೀದು. ನಾ ಹೊಟ್ಟಿಕಿಚ್ಚು ಪಟ್ಟಿದ್ದೆ."

"ಅದರ ಬ್ರೇಕ್ ಯಾವ ಕಡೆ ಇತ್ತು?"

"ಏ ಹೋಗ. ಇಪ್ಪತ್ತು ವರ್ಷ ಆದ ಮ್ಯಾಲ ಕಥಿ ಕಟ್ಟಬ್ಯಾಡ. ನೀ ಅಂಜಿದ್ದಿ, ಅಷ್ಟ. ಅಂಜಿದ್ರ ಏನಾತು? ನಾನೂ ಅಂಜಿದ್ದೆ."

ಫಕೀರವ್ವನ ಸೈಕಲ್ಲಿನ ತಂತಿ ಬದಲಾಯಿತು. ಇದರಲ್ಲೇ ಇಳಿದು ನೋಡುತ್ತೇನೆಂದು ದಾನಮ್ಮ ನನ್ನದನ್ನು ಮುಟ್ಟಲು ಬಿಡಲಿಲ್ಲ. ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿ ನನ್ನ ಎಡಗೈ ಹಿಡಿಗೆ ಸುತ್ತಿದಳು. ಕಣ್ಣಿಗೆ ನೆನಪಿರಲಿ ಎಂದು. ಓಡೀಲ್ ಭುಜ ಕುಣಿಸಿ, "ಮೊದಲು ಅಂಗಳದಲ್ಲಿ ಸುತ್ತಿ ನೋಡಲಿ" ಎಂದಳು. ಸುತ್ತಿದಳು. ಅಂಗಳದಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು.

ಏರು ಶುರುವಾಯಿತು. ದಾನಮ್ಮ ಮಾತಿಲ್ಲದೆ ತುಳಿದಳು. ಪ್ರತಿ ಕಲ್ಲನ್ನೂ ನಿಲ್ಲದೆ ಓದಿದಳು, ಟಿಕೆಟ್ ನೋಡುವ ಹಾಗೆ. ಹಿಂದಿನಿಂದ ಫಕೀರವ್ವ ಕೂಗುತ್ತಿದ್ದಳು. "ಲೇ, ಗಾಡಿ ತಪ್ಪಿಹೋಗೂದಿಲ್ಲ, ಸಾವಕಾಶ!" ಪೈನ್ ಮರಗಳು ಮುಗಿದವು, ಬೋಳು ಹುಲ್ಲು ಬಂತು, ಹುಲ್ಲಿನಲ್ಲಿ ಗಂಟೆ ಕಟ್ಟಿದ ಆಕಳುಗಳು. ತುದಿಯಲ್ಲಿ ಇಬ್ಬರೂ ಕೂತು ಊರಿನಿಂದ ತಂದಿದ್ದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಗಾಳಿಗೆ ರೊಟ್ಟಿಯ ಒಂದು ಚೂರು ಹಾರಿಹೋಯಿತು.

"ಇಳಿಯೂಣ" ಅಂದಳು ದಾನಮ್ಮ.

ನನ್ನ ಬೆನ್ನ ಮೇಲೆ ಅವಳು ಹಗುರವಾಗಲಿಲ್ಲ, ಗಟ್ಟಿಯಾಗಿ ಕೂತಳು. ಮೊದಲ ತಿರುವು. ಬಲಗೈಯಿಂದ ಹಿಂದಿನದನ್ನು ಹಿಡಿದಳು, ಎಡಗೈಯಿಂದ ಮುಂದಿನದನ್ನು ಮುಟ್ಟಿದಳು. ಎರಡನೆಯದೂ ಹಾಗೆಯೇ. ಯೋಚಿಸಿ ಹಿಡಿಯುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಅಂಜಿದವರ ಬೆರಳು ನಡುಗುತ್ತದೆ. ಎಷ್ಟೋ ಸಲ ಬಾಡಿಗೆಗೆ ಹೋದ ನನಗೆ ಅದು ಚೆನ್ನಾಗಿ ಗೊತ್ತು. ಇವಳ ಬೆರಳು ನಡುಗುತ್ತಿರಲಿಲ್ಲ.

ಆಮೇಲೆ ಒಂದು ತಿರುವಿನಾಚೆ ರಸ್ತೆಯ ನಟ್ಟನಡುವೆ ಒಂದು ಆಕಳು ನಿಂತಿತ್ತು.

ಯೋಚಿಸಲು ಸಮಯವಿರಲಿಲ್ಲ. ಅವಳ ಎಡಗೈ ಮುಚ್ಚಿತು, ಹುಡುಗಿಯಾಗಿದ್ದಾಗ ಕಲಿತ ಹಾಗೆ, ಬಿಗಿಯಾಗಿ, ಕೆಂಪು ದಾರದ ಮೇಲೆಯೇ. ನನ್ನ ಮುಂದಿನ ಚಕ್ರ ಕಚ್ಚಿ ನಿಂತಿತು. ಹಿಂದಿನದು ನೆಲ ಬಿಟ್ಟಿತು. ನಾನು ಅವಳನ್ನು ಎಸೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ಎಡಗೈ ಸಡಿಲಬಿಟ್ಟು ಮೈಯನ್ನು ಹಿಂದಕ್ಕೆ ತಳ್ಳಿದಳು. ಚಕ್ರ ನೆಲಕ್ಕೆ ಬಡಿಯಿತು. ಕಾಲು ಕೆಳಗಿಟ್ಟು ನಿಂತಳು. ಆಕಳಿನ ಮೂಗು ನನ್ನ ಟೈರಿಗೆ ಒಂದು ಗೇಣಿನಷ್ಟು ಹತ್ತಿರವಿತ್ತು. ಅದು ಹುಲ್ಲು ಅಗಿಯುವುದನ್ನು ನಿಲ್ಲಿಸಿರಲಿಲ್ಲ.

ಫಕೀರವ್ವ ಹಿಂದೆ ಬಂದು ನಿಂತಳು. ಎಲ್ಲವನ್ನೂ ನೋಡಿದ್ದಳು. ಸೈಕಲ್ ಹುಲ್ಲಿನ ಮೇಲೆ ಬಿಟ್ಟು ಬಂದು ಕೆಂಪು ದಾರ ಮುಟ್ಟಿದಳು.

"ದಾನಮ್ಮಾ" ಅಂದಳು. "ದಾರ ಕಟ್ಟಿದ್ರೂ ಅಲ್ಲಿಗೇ ಹೋತಲ್ಲ ನಿನ್ನ ಕೈ."

"ಕಲಿಸಿದಂಗ ಮಾಡ್ತದ ಅದು. ಅವತ್ತೂ ಹಂಗ ಮಾಡಿತ್ತು."

"ಕಾಲ ಹಚ್ಚಿದಿ ಮತ್ತ."

"ಅಂಜಿ ಹಚ್ಚಿಲ್ಲ. ಎಮ್ಮಿ ಅಡ್ಡ ಬಂತು."

"ಆಕಳ ಲೇ ಅದು." ಆಗ ಇಬ್ಬರೂ ನಕ್ಕರು.

ಅಂಗಡಿಗೆ ಬಂದವರೇ ಫಕೀರವ್ವ ಮಲಕಾರಿ ಸರಿಗೆ ಫೋನ್ ಹಚ್ಚಿದಳು, ಧ್ವನಿ ಹೊರಗೆ ಕೇಳುವ ಹಾಗೆ. ಮೊದಲು ಆರೋಗ್ಯ, ಮಳೆ, ಹಾಸ್ಟೆಲಿನ ಹುಡುಗಿಯರ ವಿಚಾರ. ಆಮೇಲೆ ಕೇಳಿದಳು. "ಸರ, ದಾನಮ್ಮ ಬಿದ್ದಳಲ್ಲ, ಆ ಬಿಳೀ ಸೈಕಲ್ಲು. ಅದರ ಮುಂದಿನ ಬ್ರೇಕ್ ಯಾವ ಕೈಯಾಗ ಇತ್ತು?"

ಅತ್ತಲಿಂದ ಮುದಿ ದನಿ ಬಂತು. "ಎಡಗೈಯಾಗ. ಬಿದ್ದ ಮ್ಯಾಲ ರಿಪೇರಿ ಮಾಡೂಮುಂದ ನೋಡಿದೆ. ನಾನ ತಂತಿ ಬದಲಿ ಮಾಡಿದೆ."

"ಮತ್ತ ಹೇಳಲಿಲ್ಲಲ್ರೀ ಸರ!"

"ಹೇಳಬೇಕಿತ್ತು" ಅಂದರು ಸರ್.

ದಾನಮ್ಮ ಫೋನ್ ಇಸಿದುಕೊಂಡಳು. ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡೆ. ರೈಲಿನಲ್ಲಿ ಟಿಕೆಟ್ಟಿಲ್ಲದವರ ಜೊತೆ ಮಾತನಾಡುವ ದನಿಯಲ್ಲಿ, ಮೆತ್ತಗೆ, ಆದರೆ ಬಿಡದೆ ಹೇಳಿದಳು. "ಸರ, ಇನ್ನ ಮ್ಯಾಲ ಹುಡುಗೂರಿಗೆ ಸೈಕಲ್ ಕೊಡೂಮುಂದ ಬ್ರೇಕ್ ನೋಡಿ ಕೊಡ್ರಿ. ಮತ್ತ ನಾ ಅಂಜಿ ಬಿದ್ದಿಲ್ಲಂತ ಅವರ ಮುಂದ ಒಮ್ಮಿ ಹೇಳ್ರಿ. ನನ್ನ ಹೆಸರು ಹಿಡದು."

"ಹೇಳ್ತೀನವ್ವಾ."

ಮರುದಿನ ಬೆಳಿಗ್ಗೆ ಅವಳೇ ಓಡೀಲ್‌ಳನ್ನು ಕರೆದು ನನ್ನ ತಂತಿ ಬದಲಿ ಮಾಡಿಸಿದಳು. ಹಟ ಮುಗಿದಿತ್ತು. ಮತ್ತೆ ಏರಿದಳು, ಮತ್ತೆ ಇಳಿದಳು. ಕಾಲು ನೆಲಕ್ಕೆ ಹಚ್ಚಲಿಲ್ಲ. ನನ್ನ ಮೇಲೆ ಕೂತವರಲ್ಲಿ ಅಷ್ಟು ನಯವಾಗಿ ಇಳಿದವರು ಗಾಸ್ಪಾರ್ ಬಿಟ್ಟರೆ ಅವಳೊಬ್ಬಳೇ. ಫಕೀರವ್ವ ಹಿಂದೆ ಬಿದ್ದು, "ದಾನಮ್ಮಾ, ನಿಂದರ ಲೇ!" ಎಂದು ಬೆಟ್ಟಕ್ಕೆಲ್ಲ ಕೇಳುವಂತೆ ಕೂಗುತ್ತ ಬಂದಳು.

ಈಗ ನನಗೆ ವಯಸ್ಸಾಗಿದೆ. ಹಗುರವಾದ ಹೊಸ ಸೈಕಲ್ಲುಗಳು ಬಂದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಓಡೀಲ್ ನನಗೆ ಹಳದಿ ಬಣ್ಣ ಬಳಿದು, ಮೂರು ದಾರಿಗಳು ಕೂಡುವಲ್ಲಿ ಫಲಕದ ಕಂಬಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ್ದಾಳೆ. ಚೈನು ತುಕ್ಕು ಹಿಡಿದಿದೆ. ಬ್ರೇಕಿನ ತಂತಿಗಳನ್ನು ತೆಗೆದುಬಿಟ್ಟಿದ್ದಾರೆ. ನನ್ನ ಎಡಗೈಗೂ ಬಲಗೈಗೂ ಈಗ ಯಾವ ವ್ಯತ್ಯಾಸವೂ ಇಲ್ಲ. ದಾನಮ್ಮ ಸುತ್ತಿದ ದಾರ ಒಂದೇ ಚಳಿಗಾಲಕ್ಕೆ ಕೊಳೆತು ಉದುರಿತು.

ಆದರೆ ಅಂಗಡಿಯಿಂದ ಹೊರಡುವ ಪ್ರತಿ ಬಾಡಿಗೆ ಸೈಕಲ್ಲಿನ ಮೇಲೂ, ಮುಂದಿನ ಬ್ರೇಕು ಯಾವ ಕೈಯಲ್ಲಿದೆಯೋ ಆ ಹಿಡಿಗೆ, ಈಗ ಒಂದು ಸುತ್ತು ಕೆಂಪು ಟೇಪು ಇರುತ್ತದೆ. ಓಡೀಲ್ ಸುತ್ತುತ್ತಾಳೆ. ಅದು ಪ್ಲಾಸ್ಟಿಕ್, ಕೊಳೆಯುವುದಿಲ್ಲ. ಏರುವವರು ನನ್ನ ಮುಂದೆಯೇ ಹಾದುಹೋಗುತ್ತಾರೆ. ಇಳಿದು ಬರುವಾಗ ನಾನು ಅವರ ಮುಖ ನೋಡುವುದಿಲ್ಲ. ಬೆರಳು ನೋಡುತ್ತೇನೆ.