ಹದಿನಾರು ಕೈಗಳ ಪೊರಕೆ

ಎದುರು ಸಾಲಿನ ಮೇಜಿನ ಕೆಳಗೆ ಯಾರದೋ ಬೂಟು ಟಪ್ ಟಪ್ ಎಂದು ನೆಲ ಬಡಿಯುತ್ತಿದೆ, ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ, ಬಡಿಯಲಿ ಬಿಡು, ಇವನಿಗೇನು, ಇವನೆಂದರೆ ಸಾಮಾನ್ಯನೇ, ಬೆರಳು ಕಂಪ್ಯೂಟರಿನ ಕೀಲಿಗೆ ತಾಗುವ ಮೊದಲೇ ಕೋಡು ತಾನಾಗಿ ಎದ್ದು ಸಾಲಾಗಿ ನಿಲ್ಲುತ್ತದೆ ಎಂದು ಈ ಕಟ್ಟಡದ ಏಳೂ ಮಹಡಿಗಳಲ್ಲಿ ಖ್ಯಾತಿ, ಆ ಖ್ಯಾತಿ ಹಬ್ಬಿಸಿದವನೂ ಇವನೇ, ಇರಲಿ — ಗಂಟೆ ಮೂರೂ ಕಾಲು, ನಾಲ್ಕಕ್ಕೆ ಮೀಟಿಂಗು, ಮೇಷ್ಟ್ರನ್ನು ಕೋಡಿನ ಕೆಲಸದಿಂದ ಎಬ್ಬಿಸಿ ಕೆಳಗಿನ ಕಾಗದಪತ್ರದ ವಿಭಾಗಕ್ಕೆ ಕಳಿಸುತ್ತಾರೆ, ಮೇಷ್ಟ್ರು ಮಾಡದ ತಪ್ಪಿಗೆ, ಮಾಡಿದವನು ಯಾರೆಂದು ಇಡೀ ಭೂಮಂಡಲದಲ್ಲಿ ಒಬ್ಬನಿಗೇ ಗೊತ್ತು, ಆ ಒಬ್ಬ ಇಲ್ಲಿ ಕೂತು ಬೂಟಿನ ಸದ್ದು ಎಣಿಸುತ್ತಿದ್ದಾನೆ, ನಲವತ್ತೊಂದು, ನಲವತ್ತೆರಡು, ಪೊರಕೆ, ಹಾಳಾದ್ದು ಪೊರಕೆ, ಹೆಸರಿಟ್ಟವಳು ಅಕ್ಕ, ಒಡಹುಟ್ಟಿದವಳಲ್ಲ, ಕಂಪನಿಗೆ ಎಲ್ಲರಿಗಿಂತ ಮೊದಲು ಬಂದವಳು ಅಂತ ಅರವತ್ತು ಜನಕ್ಕೂ ಅಕ್ಕ, ಪರದೆಯ ಕಪ್ಪು ಕಿಟಕಿಯಲ್ಲಿ ಪೊರಕೆ ಎಂದು ಟೈಪಿಸಿ ಎಂಟರ್ ಒತ್ತಿದರೆ ಹಳೆಯ ಕಸ ಗುಡಿಸಿ ಹೊಸ ಕೋಡು ಕಟ್ಟಿಕೊಡುವ ಸಲಕರಣೆ, ಹನ್ನೊಂದು ವರ್ಷ ಪೈಥಾನ್ ಭಾಷೆಯಲ್ಲಿತ್ತು, ನಿಧಾನವೆಂದರೆ ಎಂಥ ನಿಧಾನ, ಒಮ್ಮೆ ಒತ್ತಿದರೆ ಮಗು ಹುಟ್ಟಿ, ಓದು ಮುಗಿಸಿ, ಇದೇ ಕಂಪನಿಗೆ ಕೆಲಸಕ್ಕೆ ಸೇರಿ ಪಕ್ಕದ ಕುರ್ಚಿಯಲ್ಲಿ ಬಂದು ಕೂರುವಷ್ಟು ಹೊತ್ತು, ಇದನ್ನ ನಾನು ರಸ್ಟ್ ಅನ್ನೋ ಹೊಸ ಭಾಷೇಲಿ ಬರೆದು ಬಿಸಾಕ್ತೀನಿ ಅಂದ ಇವನು, ಬರೆದ, ಮೂರು ತಿಂಗಳು ಊಟದ ತಟ್ಟೆ ಮುಂದೆಯೂ ಅದೇ ಪುರಾಣ, ಹೆಂಡತಿ ಅಂದಳು, ಅಲ್ಲ ರೀ, ಈ ಮನೇಲಿ ಒಂದಿನಾನೂ ನೀವು ಪೊರಕೆ ಹಿಡಿದದ್ದು ಕಾಣೆ, ಆಫೀಸಲ್ಲಿ ಅದೇನು ಗುಡಿಸ್ತೀರೋ, ಮಗಳು ಬಾಯಲ್ಲಿದ್ದ ಹಾಲು ಉಗುಳಿ ನಕ್ಕಳು, ಇವನೂ ನಕ್ಕ, ಆಗ ನಗು ಧಾರಾಳವಾಗಿತ್ತು.

ಆ ಭಾಷೆಯಲ್ಲಿ ಅಳಿಸುವುದಕ್ಕೆ ಸಿದ್ಧ ಉಪಾಯ ಇತ್ತು, ಎಲ್ಲರೂ ಬಳಸುವಂಥದು, ಆದರೆ ಎಲ್ಲರೂ ಬಳಸುವುದನ್ನು ಇವನು ಬಳಸಿದರೆ ಇವನು ಇವನಾಗಿ ಏನು ಬಂತು, ತಾನೇ ಬರೆದ, ಹದಿನಾರು ಕೈಗಳಿಂದ ಏಕಕಾಲಕ್ಕೆ ಗುಡಿಸುವಂತೆ, ಕಣ್ಣು ಮಿಟುಕಿಸುವುದಕ್ಕೆ ಮೊದಲೇ ಮುಗಿಯುತ್ತದೆ, ಮಿಟುಕಿಸಿದ ಕಣ್ಣಿಗೇ ನಾಚಿಕೆಯಾಗಬೇಕು, ದೊಡ್ಡ ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸಿ ತೋರಿಸಿದ ದಿನ ಹಳೆಯದರಲ್ಲಿ ಅಕ್ಕ ಬರೆದಿದ್ದ, ಹೊಸದರಲ್ಲಿ ಇವನು ಕೈಬಿಟ್ಟ ಏಳು ಸಾಲು ತೆರೆದಿಟ್ಟ, ಮೇಲೆ ಅವಳ ಟಿಪ್ಪಣಿ, ಇದನ್ನು ತೆಗೆಯಬೇಡಿ, ನಾನು ಒಂದು ಸಲ ಅತ್ತಿದ್ದೇನೆ, ನಾಟಕದ ದನಿ ತೆಗೆದು ಓದಿದ, ಅರವತ್ತು ಜನ ನಕ್ಕರು, ಅಲ್ಲ ಆರು ಸಾವಿರ ಜನ ನಕ್ಕಂತೆ ಕೇಳಿಸಿತು, ಹೊಸ ಭಾಷೇಲಿ ಅಳೋ ಸೌಲಭ್ಯ ಇಲ್ಲ ಅಂದ, ಮತ್ತೂ ನಕ್ಕರು, ಹಿಂದಿನ ಸಾಲಿನಲ್ಲಿ ಅಕ್ಕನೂ ನಕ್ಕಳು, ನಕ್ಕು ಒಂದೇ ಮಾತು ಕೇಳಿದಳು, ಅದು ಯಾಕಿತ್ತು ಅಂತ ನೋಡಿದ್ಯಾ, ನೋಡ್ದೆ ಅಕ್ಕ ಅಂದ, ನೋಡಿರಲಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಮುಖ್ಯಸ್ಥರು ಕೇಳಿದರು, ಮೇಷ್ಟ್ರ ನಾನೂರು ಪರೀಕ್ಷೆಗಳು ನಿನ್ನೆ ಪೂರ್ತಿ ಅಳಿಸಿಹೋಗಿವೆ, ನಿಮ್ಮ ಪೊರಕೆದೇನಾದರೂ ತಪ್ಪು ಇರಬಹುದಾ, ಕೋಡು ತೆರೆದು ನೋಡದೆಯೇ ಅಂದ, ನನ್ನ ಪೊರಕೇದಾ, ಸಾರ್, ಸೂರ್ಯ ತಪ್ಪು ದಿಕ್ಕಿನಲ್ಲಿ ಹುಟ್ಟಬಹುದು, ಅದು ತಪ್ಪಲ್ಲ, ಮೇಷ್ಟ್ರು ಏನೋ ಒತ್ತಿರ್ತಾರೆ — ಮೇಷ್ಟ್ರು ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಐವತ್ತು ದಾಟಿದ ಮೇಲೆ ಕೋಡು ಕಲಿತವರು, ಎರಡೇ ಬೆರಳಲ್ಲಿ ಟೈಪಿಸುವವರು, ಆ ಎರಡು ಬೆರಳಿಂದ ಎರಡು ತಿಂಗಳು ಕೂತು ಒಂದೊಂದಾಗಿ ಬರೆದ, ಕೋಡು ಸರಿಯೋ ತಪ್ಪೋ ಎಂದು ಒರೆಹಚ್ಚುವ ಪರೀಕ್ಷೆಗಳು, ಎಲ್ಲರ ಕೋಡಿಗೂ ಇನ್ನೊಂದು ಪ್ರತಿ ಉಳಿಯುವ ಸಾಮಾನ್ಯ ಉಗ್ರಾಣಕ್ಕೆ ಇನ್ನೂ ಕಳಿಸಿರಲಿಲ್ಲ, ಪೂರ್ತಿ ತಿದ್ದಿದ ಮೇಲೆ ಒಟ್ಟಿಗೆ ಒಪ್ಪಿಸಬೇಕೆಂಬ ಹಠ, ಹನ್ನೊಂದಕ್ಕೆ ಇವನು ತನ್ನ ಕೋಡು ತೆರೆದ, ಸುಮ್ಮನೆ, ತನ್ನ ಬೆನ್ನು ತಾನೇ ತಟ್ಟಿಕೊಳ್ಳೋಣವೆಂದು, ಆಗ ಕಂಡಿತು. ಮೇಷ್ಟ್ರು ಪೊರಕೆ ಗುಡಿಸುವ ಕಸದ ಫೋಲ್ಡರಿನೊಳಗೆ ಒಂದು ಕೊಂಡಿ ಇಟ್ಟಿದ್ದರು, ಕೊಂಡಿ ಎಂದರೆ ಬರೀ ಕೈಮರ, ಅಸಲು ಮನೆ ಬೇರೆಲ್ಲೋ ಇದೆ ಎಂದು ತೋರಿಸುವ ಬಾಣ, ಗುಡಿಸುವವನು ಕೈಮರ ಕಿತ್ತುಹಾಕಿ ಸುಮ್ಮನಾಗಬೇಕು, ಇವನ ಹದಿನಾರು ಕೈ ಬಾಣ ಹಿಡಿದು ಅಸಲು ಮನೆಗೇ, ಪರೀಕ್ಷೆಗಳಿದ್ದ ಜಾಗಕ್ಕೇ ಹೋಗಿ ಗೋಡೆ ಸಮೇತ ಗುಡಿಸಿ ಬಂದಿವೆ, ಅಕ್ಕನ ಏಳು ಸಾಲು ಅದನ್ನೇ ತಡೆಯುತ್ತಿದ್ದದ್ದು, ಹನ್ನೊಂದೂವರೆಗೆ ಆ ಏಳು ಸಾಲನ್ನು ಹೊಸ ಭಾಷೆಗೆ ತಂದು ಕಳ್ಳನಂತೆ ಹಾಕಿದ, ಟಿಪ್ಪಣಿಯನ್ನು ಮಾತ್ರ ತರಲಿಲ್ಲ, ಬದಲಾವಣೆಯ ಕಾರಣವೇನು ಎಂಬ ಕಡೆ ಬರೆದ, ಸಣ್ಣಪುಟ್ಟ ಒಪ್ಪ ಓರಣ.

ಹೇಳಬಹುದು, ಈಗಲೂ ಹೇಳಬಹುದು, ಎದ್ದು ಹತ್ತು ಹೆಜ್ಜೆ ನಡೆದರೆ ಮುಖ್ಯಸ್ಥರ ಕೋಣೆ, ಹತ್ತು ಹೆಜ್ಜೆ ಹತ್ತು ಯೋಜನ, ಇಗೋ ಏಳುತ್ತಾನೆ, ಏಳುತ್ತಿದ್ದಾನೆ, ಅಷ್ಟರಲ್ಲಿ ಮೇಷ್ಟ್ರೇ ಬಂದು ನಿಂತಿದ್ದಾರೆ, ಕೈಯಲ್ಲಿ ನೋಟ್‌ಬುಕ್ಕು, ಶಾಲೆಯ ಮಕ್ಕಳಂತೆ ಎದೆಗವಚಿಕೊಂಡು, ಕೂರಲಾ ಅನ್ನುತ್ತಾರೆ, ಕೂತರು, ಬೇಜಾರು ಮಾಡ್ಕೋಬೇಡಪ್ಪ, ನಾಲ್ಕಕ್ಕೆ ನಾನೇ ಹೇಳಿಬಿಡ್ತೀನಿ, ನಂದೇ ಕೈತಪ್ಪು ಅಂತ, ನಿನ್ನ ಹೆಸರು ಮಧ್ಯ ಬರೋದು ಬೇಡ, ಅಷ್ಟು ಕಷ್ಟಪಟ್ಟು ಬರ್ದಿದ್ದೀಯ, ಏನು ಒತ್ತಿದೆನೋ ನನಗೇ ನೆನಪಿಲ್ಲ ನೋಡು, ಇನ್ನೊಂದು ಸಲ ಹಂಗಾಗಬಾರ್ದು, ಕಾಗದದ ವಿಭಾಗಕ್ಕೆ ಹಾಕಿದ್ರೂ ಮನೇಲಿ ಅಭ್ಯಾಸ ಮಾಡ್ತೀನಿ, ಎಂಟರ್ ಒತ್ತೋಕೆ ಮುಂಚೆ ಎಷ್ಟು ಸಲ ನೋಡ್ಕೋಬೇಕು ಹೇಳು, ಬರ್ಕೊಳ್ತೀನಿ. ಇವನು ಬಾಯಿ ತೆರೆದ, ಮೇಷ್ಟ್ರೇ ತಪ್ಪು ನಿಮ್ಮದಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಲಕ್ಷ ಜನರ ಎದುರು ಹರಟಬಲ್ಲ ನಾಲಿಗೆ, ಜಗತ್ತಿನಲ್ಲೇ ಉದ್ದದ ನಾಲಿಗೆ, ಅದು ಹೊರಳಿ ಅಂದಿತು, ಮೂರು ಸಲ, ಮೇಷ್ಟ್ರೇ, ಮೂರು ಸಲ ನೋಡ್ಕೊಂಡು ಒತ್ತಿ.

ಮೂರು, ಅಂದರು ಮೇಷ್ಟ್ರು, ಬರೆದರು, ದುಂಡಗೆ, ಮೇಲೆ ದಿನಾಂಕ, ಜೇಬಿನಿಂದ ಸಣ್ಣ ಸ್ಕೇಲು ತೆಗೆದರು, ಅಕ್ಷರದ ಕೆಳಗೆ ಇಟ್ಟು ಜರುಗದಂತೆ ಎರಡು ಬೆರಳಲ್ಲಿ ಒತ್ತಿ ಹಿಡಿದು ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತಿದ್ದಾರೆ, ಮೆಲ್ಲಗೆ, ಸ್ಕೇಲಿನ ಅಂಚು ಬಿಡದಂತೆ, ಬೂಟಿನ ಸದ್ದು ನಿಂತಿದೆ, ಯಾರೋ ಮೀಟಿಂಗು ಬೇಗ ಶುರು ಅನ್ನುತ್ತಾರೆ, ಇವನು ಎದ್ದಿಲ್ಲ, ಒಂದು ಗೆರೆ ಸಾಲದೆಂದು ಅದರ ಕೆಳಗೆ ಇನ್ನೊಂದು, ಸ್ಕೇಲು, ಎರಡು ಬೆರಳು, ಕೆಂಪು ಗೆರೆ, ಎರಡು ಬೆರಳು, ಕೆಂಪು ಗೆರೆ