ಹನ್ನೆರಡೂವರೆಯ ತನಕ

ಈಗಲೇ ಹೇಳಿಬಿಡಬೇಕೋ, ಅಥವಾ ಈ ಅಳು ಒಂದು ಸುತ್ತು ಇಳಿಯಲಿ ಎಂದು ಕಾಯಬೇಕೋ? ಇಳಿದ ಮೇಲೆ ಹೇಳಿದರೆ ಮತ್ತೆ ಎಬ್ಬಿಸಿದ ಹಾಗಾಗುವುದಿಲ್ಲವೇ? ಜೀವಶಾಸ್ತ್ರದ ಮೇಷ್ಟ್ರು ಗೋಡೆಗೆ ಒರಗಿ ನಿಂತು ಇಷ್ಟನ್ನೇ ಯೋಚಿಸುತ್ತಿದ್ದರು. ಅವರ ಬೆರಳು ಮಾತ್ರ ಯಾರನ್ನೂ ಕೇಳದೆ ಫ್ಯಾನಿನ ಸ್ವಿಚ್ ಒತ್ತಿತು.

ರೆಕ್ಕೆಗಳು ನಿಧಾನವಾಗಿ ನಿಂತವು. ಸಣ್ಣ ಕೋಣೆ, ಒಳಗೆ ಹದಿನೈದು ಜನ. ಮಂಚದ ಮೇಲೆ, ಬಿಳಿ ಹೊದಿಕೆಯೊಳಗೆ, ಮೇಷ್ಟ್ರ ಶಾಲೆಯ ಪ್ರಯೋಗಾಲಯದ ಅಟೆಂಡರ್. ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಕೂತವರು ಏಳಲಿಲ್ಲ. ಡಾಕ್ಟರು ಬಂದು ನೋಡಿ, ಚೀಟಿ ಬರೆದುಕೊಟ್ಟು ಹೋಗಿದ್ದರು. ಈಗ ಒಂಬತ್ತು ಮುಕ್ಕಾಲು.

"ಯಾರ್ರೀ ಅದು ಫ್ಯಾನ್ ಆರಿಸಿದ್ದು?"

ಕೂಗಿದವನು ಸತ್ತವರ ಹೆಂಡತಿಯ ತಮ್ಮ. ಬಸ್ ಕಂಡಕ್ಟರ್. ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಕೂಗಿ ಕೂಗಿ ಅವನ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ನಾನೇ," ಎಂದರು ಮೇಷ್ಟ್ರು.

"ಯಾಕ್ ಸಾರ್, ಕರೆಂಟ್ ಬಿಲ್ ನಿಮ್ಮನೆಗೆ ಬರುತ್ತಾ? ಜನ ಬೆವರಿ ನೀರಾಗ್ತಿದಾರೆ."

"ಅಲ್ಲ... ಗಾಳಿ ಬೇಡ ಅಂತ."

"ನಿಮಗೆ ಬೇಡ ಅಂದ್ರೆ ಹೊರಗೆ ನಿಂತ್ಕೊಳ್ಳಿ. ಏ, ಬಾಗಿಲಲ್ಲೇ ನಿಲ್ಬೇಡ್ರಪ್ಪ, ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ!"

ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಕಂಡಕ್ಟರ್ ಸ್ವಿಚ್ ಒತ್ತಿದ. ಫ್ಯಾನ್ ಮತ್ತೆ ತಿರುಗಿತು.

ಗಾಳಿ ಬೀಸಿದರೆ ಕಣ್ಣಿನ ಕಾರ್ನಿಯಾ ಒಣಗುತ್ತದೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆ ಎತ್ತರದಲ್ಲಿರಬೇಕು, ಆರು ಗಂಟೆಯೊಳಗೆ ನೇತ್ರಬ್ಯಾಂಕಿನವರು ಬಂದು ಕಣ್ಣು ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಮೊದಲು ಮನೆಯವರು ಒಪ್ಪಬೇಕು. ಇದೆಲ್ಲ ಆ ಕೋಣೆಯಲ್ಲಿ ಗೊತ್ತಿದ್ದದ್ದು ಮೇಷ್ಟ್ರಿಗೆ ಒಬ್ಬರಿಗೇ. ಮಾತು ಕೊಟ್ಟವರೂ ಅವರೇ.

* * *

ಮೇಷ್ಟ್ರು ಕೆಲಸಕ್ಕೆ ಸೇರಿದ ಮೊದಲ ವರ್ಷ. ಈರುಳ್ಳಿ ಪೊರೆಯ ಸ್ಲೈಡ್ ಮಾಡಿ, ಹೆಡ್‌ಮಾಸ್ಟರ ಎದುರಿಗೇ ಮಕ್ಕಳಿಗೆ ತೋರಿಸುತ್ತಿದ್ದರು. "ದುಂಡಗೆ, ದಪ್ಪ ಕಪ್ಪು ಗೆರೆ ಕಾಣ್ತಿದೆಯಲ್ಲ, ಅದೇ ಕೋಶಭಿತ್ತಿ." ಮಕ್ಕಳು ಸಾಲಾಗಿ ಬಂದು ನೋಡಿ, ದುಂಡಗೆ ಬರೆದುಕೊಂಡರು. ಅಟೆಂಡರೂ ಒಮ್ಮೆ ಇಣುಕಿದರು.

"ಸಾರ್, ಲೆನ್ಸಿಗೆ ಧೂಳು ಕೂತಿದೆ. ಒರೆಸಿ ಕೊಡ್ತೀನಿ."

ಮೈಕ್ರೋಸ್ಕೋಪನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಅರ್ಧ ನಿಮಿಷ ಏನೋ ಮಾಡಿದರು. ಮೇಷ್ಟ್ರು ಮತ್ತೆ ಕಣ್ಣಿಟ್ಟಾಗ ಒಳಗೆ ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಶಗಳು, ಒಂದೊಂದರಲ್ಲೂ ಬಣ್ಣ ಹೀರಿದ ನ್ಯೂಕ್ಲಿಯಸ್ಸಿನ ಚುಕ್ಕೆ. ಅಷ್ಟು ಹೊತ್ತು ಅವರು ಕೋಶವೆಂದು ತೋರಿಸಿದ್ದು ಸ್ಲೈಡಿನಡಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು.

ಹೆಡ್‌ಮಾಸ್ಟರಿಗೆ ತಿಳಿಯಲಿಲ್ಲ. "ಈಗ ಕ್ಲಿಯರ್ ಆಯ್ತು ನೋಡಿ," ಎಂದು ಮೆಚ್ಚಿಕೊಂಡು ಹೋದರು. ಕ್ಲಾಸು ಮುಗಿದ ಮೇಲೆ ಅಟೆಂಡರ್ ಸ್ಲೈಡ್ ತೊಳೆಯುತ್ತಾ, ತಿರುಗಿಯೂ ನೋಡದೆ ಹೇಳಿದ್ದು ಒಂದೇ ಮಾತು.

"ಗುಳ್ಳೆನೂ ಚೆಂದಾನೇ ಕಾಣುತ್ತೆ ಸಾರ್. ಒಳಗೆ ಏನೂ ಇರಲ್ಲ, ಅಷ್ಟೇ."

ಇಪ್ಪತ್ತೊಂದು ವರ್ಷದಲ್ಲಿ ಆ ಮಾತು ಸ್ಟಾಫ್ ರೂಮಿಗೆ ಮುಟ್ಟಲಿಲ್ಲ. ಮೇಷ್ಟ್ರು ಅವರನ್ನು ಅಣ್ಣ ಎನ್ನತೊಡಗಿದ್ದು ಆ ದಿನದಿಂದ.

* * *

ಹನ್ನೊಂದು ಗಂಟೆಗೆ ಕಂಡಕ್ಟರ್ ವ್ಯಾನಿನವನಿಗೆ ಫೋನ್ ಮಾಡಲು ಕೆಳಗಿಳಿದ. ಮೇಷ್ಟ್ರು ಫ್ಯಾನ್ ಆರಿಸಿದರು. ಬಚ್ಚಲಿಗೆ ಹೋಗಿ ಹತ್ತಿ ಒದ್ದೆ ಮಾಡಿಕೊಂಡು ಬಂದು, ಅರೆ ತೆರೆದಿದ್ದ ರೆಪ್ಪೆಗಳನ್ನು ಮುಚ್ಚಿ ಮೇಲಿಟ್ಟರು. ಕಪಾಟಿನ ಮೇಲಿದ್ದ ದಿಂಬು ತೆಗೆದು ತಲೆಯ ಕೆಳಗೆ ಸೇರಿಸಿದರು. ಕೈಗೆ ಎಲ್ಲವೂ ಸಲೀಸಾಗಿ ಬರುತ್ತಿತ್ತು.

"ಏನ್ ಮಾಡ್ತಿದೀರಾ ಸಾರ್?" ಅಟೆಂಡರ ಮಗಳು ಕೇಳಿದಳು. ಅವಳೂ ಮೇಷ್ಟ್ರ ಹತ್ತಿರ ಓದಿದವಳೇ.

"ಏನಿಲ್ಲಮ್ಮ. ಕಣ್ಣು ಸ್ವಲ್ಪ ತೆರೆದಿತ್ತು." ತುಸು ತಡೆದು, "ನಿಮ್ಮಮ್ಮನ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು."

"ಈಗಲಾ ಸಾರ್?"

ಹುಡುಗಿಯ ಮೂಗು ಅತ್ತು ಅತ್ತು ಕೆಂಪಾಗಿತ್ತು. ಈಗಲೇ ಎನ್ನಬೇಕಿತ್ತು.

"ಪರವಾಗಿಲ್ಲ. ಆಮೇಲೆ ಆದ್ರೂ ನಡೆಯುತ್ತೆ," ಎಂದರು ಮೇಷ್ಟ್ರು.

ನಡೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎಷ್ಟು ಹೊತ್ತಿಗೆ ನಡೆಯುವುದಿಲ್ಲ ಎಂಬುದೂ ಗೊತ್ತಿತ್ತು.

* * *

ಹೋದ ವರ್ಷ, ಜೀವಕೋಶ ಮತ್ತು ಶಕ್ತಿಯ ಪಾಠ ಮುಗಿದ ಸಂಜೆ. ಅಟೆಂಡರ್ ಪ್ರನಾಳಗಳನ್ನು ಸ್ಟ್ಯಾಂಡಿಗೆ ಬೋರಲು ಹಾಕುತ್ತಾ ಕೇಳಿದ್ದರು:

"ಮನುಷ್ಯ ಸತ್ತ ತಕ್ಷಣ ಒಳಗಿನ ಕೋಶಗಳೆಲ್ಲ ಸತ್ತೋಗ್ತವಾ ಸಾರ್?"

"ಇಲ್ಲಣ್ಣ. ಅವಕ್ಕೆ ಸುದ್ದಿ ತಡವಾಗಿ ಮುಟ್ಟುತ್ತೆ. ಆಮ್ಲಜನಕ ನಿಂತ್ರೆ ಮೈಟೊಕಾಂಡ್ರಿಯಾ ಶಕ್ತಿ ತಯಾರಿಸಲ್ಲ. ಮೆದುಳಿನ ಕೋಶ ಕೆಲವೇ ನಿಮಿಷ ತಡ್ಕೊಳ್ಳುತ್ತೆ. ಕಣ್ಣಿನ ಕಾರ್ನಿಯಾಗೆ ರಕ್ತನಾಳಾನೇ ಇಲ್ಲ, ಬದುಕಿದ್ದಾಗಲೂ ಅದು ಹೊರಗಿನ ಗಾಳಿಯಿಂದಾನೇ ಆಮ್ಲಜನಕ ತಗೊಳ್ಳೋದು. ಅದು ಗಂಟೆಗಟ್ಟಲೆ ಇರುತ್ತೆ."

ಅಟೆಂಡರ್ ಒಂದು ಪ್ರನಾಳವನ್ನು ಬೆಳಕಿಗೆ ಹಿಡಿದು ನೋಡಿದರು.

"ಹಾಗಿದ್ರೆ ನಂದು ಕೊಟ್ಬಿಡಿ. ಮೂವತ್ತು ವರ್ಷ ಫೋಕಸ್ ಮಾಡಿರೋ ಕಣ್ಣು. ತಗೊಂಡವರು ಸ್ಕ್ರೂ ತಿರುಗಿಸೋದೇ ಬೇಡ."

ಇಬ್ಬರೂ ನಕ್ಕರು. ಆದರೆ ಅಟೆಂಡರ್ ಮುಂಚೆ ನಿಲ್ಲಿಸಿದರು. "ತಮಾಷೆ ಅಲ್ಲ ಸಾರ್."

"ಮನೇಲಿ ಹೇಳಿದೀರಾ?"

"ಅವಳು ಸೂಜಿ ಕಂಡ್ರೇ ಮುಖ ತಿರುಗಿಸ್ತಾಳೆ. ನನ್ನ ಕೈಲಾಗಲ್ಲ. ನೀವು ಹೇಳಿ. ನೀವಾದ್ರೆ ಪಾಠ ಮಾಡಿದ ಹಾಗೆ ಹೇಳ್ತೀರಿ." ಕೈ ಒರೆಸಿಕೊಂಡು ಮತ್ತೆ ಹೇಳಿದರು, "ನಿಮ್ಮನ್ನ ಬೇರೇನೂ ಕೇಳಿಲ್ಲ ನಾನು."

"ಆಯ್ತಣ್ಣ, ಹೇಳ್ತೀನಿ," ಎಂದಿದ್ದರು ಮೇಷ್ಟ್ರು.

* * *

ಹನ್ನೆರಡು ಗಂಟೆಗೆ ಅಟೆಂಡರ ಹೆಂಡತಿಯೇ ಕರೆದರು. "ಮೇಷ್ಟ್ರೇ, ಇಲ್ಲಿ ಬನ್ನಿ."

ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಅಳು ನಿಂತಿತ್ತು. ಮೇಷ್ಟ್ರು ಹತ್ತಿರ ಕೂತರು. ಇನ್ನೂ ಅರ್ಧ ಗಂಟೆ ಇದೆ. ನೇತ್ರಬ್ಯಾಂಕಿನ ನಂಬರು ಮೊಬೈಲಿನಲ್ಲಿದೆ, ಹದಿನೈದು ನಿಮಿಷದ ದಾರಿ. ಮೊದಲ ವಾಕ್ಯ ಬೆಳಗಿನಿಂದ ತಯಾರಾಗಿತ್ತು: ಅಮ್ಮ, ಅಣ್ಣ ನನ್ನ ಹತ್ರ ಒಂದು ಮಾತು ಹೇಳಿದ್ರು. ಅವರು ಬಾಯಿ ತೆರೆದರು.

"ನೀವು ಫ್ಯಾನ್ ಆರಿಸ್ತಿದ್ದಿದ್ದು ನೋಡ್ದೆ," ಎಂದರು ಆಕೆ. "ನನ್ನ ತಮ್ಮ ಏನೋ ಅಂದ, ಬೇಜಾರ್ ಮಾಡ್ಕೋಬೇಡಿ. ಅವನ ಬಾಯೇ ಹಾಗೆ."

"ಛೇ, ಛೇ."

"ಇವರಿಗೆ ಗಾಳಿ ಅಂದ್ರೆ ಆಗ್ತಿರ್ಲಿಲ್ಲ. ಬೇಸಿಗೇಲೂ ಕಿವಿ ಮುಚ್ಕೊಂಡು ಮಲಗೋರು. ಚಳಿಯಾಗುತ್ತೆ ಅಂತ ನೆನಪಿಟ್ಕೊಂಡು ಆರಿಸಿದ್ದು ಇಷ್ಟು ಜನರಲ್ಲಿ ನೀವೊಬ್ರೇ. ದಿಂಬೂ ಇಟ್ರಿ." ಆಕೆ ಹೊದಿಕೆಯ ಅಂಚನ್ನು ಸರಿಮಾಡಿದರು. "ನಂಗೇ ಹೊಳೀಲಿಲ್ಲ ನೋಡಿ."

ಈಗ ಹೇಳಿದರೆ ಆ ದಿಂಬು, ಆ ಹತ್ತಿ, ಆ ನಿಂತ ಫ್ಯಾನು ಎಲ್ಲವೂ ಬೇರೆಯೇ ಅರ್ಥ ಕೊಡುತ್ತವೆ. ಬೆಳಗಿನಿಂದ ತನ್ನ ಗಂಡನ ಕಣ್ಣಿಗೆ ಕಾವಲು ನಿಂತವನು ಎಂದು ಆಕೆ ತಿಳಿಯುತ್ತಾರೆ. ಅಥವಾ ತಿಳಿಯದೆಯೂ ಇರಬಹುದು. ಒಪ್ಪಿಯೂಬಿಡಬಹುದು. ಕೇಳದೆ ಹೇಗೆ ಗೊತ್ತಾಗಬೇಕು?

"ಅಣ್ಣನಿಗೆ ಚಳಿ ಜಾಸ್ತಿ," ಎಂದರು ಮೇಷ್ಟ್ರು.

ಆಕೆ ತಲೆಯಾಡಿಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಮೇಷ್ಟ್ರು ಎದ್ದು ಬಾಲ್ಕನಿಗೆ ಹೋಗಿ ಮೊಬೈಲ್ ತೆಗೆದು, ನಂಬರು ನೋಡಿ, ಜೇಬಿಗೆ ಹಾಕಿಕೊಂಡರು. ಮತ್ತೆ ತೆಗೆದರು. ಕೆಳಗಿನ ಬೀದಿಯಲ್ಲಿ ಒಬ್ಬಾತ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಅವನು ಎರಡೂ ಚಕ್ರ ಮುಗಿಸಿ ಹೊರಟುಹೋಗುವ ತನಕ ನೋಡುತ್ತ ನಿಂತರು. ಒಳಗೆ ಬಂದಾಗ ಹನ್ನೆರಡೂವರೆ ದಾಟಿತ್ತು, ಯಾರೋ ಫ್ಯಾನ್ ಹಾಕಿದ್ದರು. ಒದ್ದೆ ಹತ್ತಿಯ ಒಂದು ಎಳೆ ಗಾಳಿಗೆ ಅಲುಗುತ್ತಿತ್ತು. ಮೇಷ್ಟ್ರು ಈ ಸಲ ಸ್ವಿಚ್ಚಿನ ಕಡೆಗೆ ಹೋಗಲಿಲ್ಲ.

* * *

ಮಣ್ಣಾಗುವ ಹೊತ್ತಿಗೆ ಮೂರು ಗಂಟೆ. ಹೆಡ್‌ಮಿಸ್ಟ್ರೆಸ್ ಎರಡು ಮಾತಾಡಿ ಎಂದರು. ಮೇಷ್ಟ್ರು ಐದು ನಿಮಿಷ ಮಾತಾಡಿದರು. ಒಂದು ಕಡೆಯೂ ತಡವರಿಸಲಿಲ್ಲ. ಅಟೆಂಡರ್ ಶಾಲೆಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದದ್ದು, ಪರೀಕ್ಷೆಯ ದಿನ ಹೆದರಿದ ಮಕ್ಕಳ ಬೆನ್ನು ತಟ್ಟುತ್ತಿದ್ದದ್ದು, ಒಡೆದ ಬೀಕರಿನ ಚೂರು ಯಾರ ಕಾಲಿಗೂ ಚುಚ್ಚಬಾರದೆಂದು ಬರಿಗೈಯಲ್ಲಿ ನೆಲ ಸವರಿ ನೋಡುತ್ತಿದ್ದದ್ದು. ಹೆಂಗಸರು ಅತ್ತರು. ಕಂಡಕ್ಟರ್ ಬಂದು ಅವರ ಎರಡೂ ಕೈ ಹಿಡಿದುಕೊಂಡ. ಆ ದಿನ ಮೊದಲ ಸಲ ಅವನ ದನಿ ತಗ್ಗಿತ್ತು.

"ನಮ್ಮ ಭಾವ ಮನೇಲಿ ಬಾಯೇ ಬಿಡ್ತಿರ್ಲಿಲ್ಲ ಸಾರ್. ನಿಮಗೆ ಗೊತ್ತಿರೋದು ನಮಗೇ ಗೊತ್ತಿಲ್ಲ. ಇನ್ನೇನಾದ್ರೂ ಹೇಳ್ಕೊಂಡಿದ್ರಾ ನಿಮ್ಮ ಹತ್ರ? ಅಕ್ಕ ಕೇಳು ಅಂದ್ಲು."

"ಇಲ್ಲಪ್ಪ," ಎಂದರು ಮೇಷ್ಟ್ರು. "ಅಷ್ಟೇ."

ತನ್ನ ಕಣ್ಣು ಕೊಡಬೇಕೆಂದು ಅಟೆಂಡರ್ ಕೇಳಿಕೊಂಡಿದ್ದರೆಂದೂ, ಹೇಳುತ್ತೇನೆಂದು ತಾನು ಒಪ್ಪಿಕೊಂಡಿದ್ದೆನೆಂದೂ ಮೇಷ್ಟ್ರು ಅವನಿಗೆ ಹೇಳಲಿಲ್ಲ, ಅವನ ಅಕ್ಕನಿಗೂ ಯಾವತ್ತೂ ಹೇಳಲಿಲ್ಲ.